ಆರ್‌ಎಫ್‌ಕಿಲ್: ವೈಫೈಗೆ ಬೀಗ ಹಾಕಿದವರು ಯಾರು?

ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್‌ನಲ್ಲಿ ವೈಫೈ ಬರದಿದ್ದರೆ ನಾವೆಲ್ಲ ಮೊದಲು ಬೈಯುವುದು ಡ್ರೈವರ್‌ಗೆ. ನಾನೂ ಬೈದಿದ್ದೇನೆ. ಒಂದು ಭಾನುವಾರ ತಂಗಿಯ ಹಳೇ ಲ್ಯಾಪ್‌ಟಾಪ್‌ಗೆ ಉಬುಂಟುವನ್ನು ಎರಡು ಸಲ ಹಾಕಿದೆ. ವೈಫೈ ಬರಲಿಲ್ಲ. ಸಂಜೆ ಅವಳು ಬಂದು, ಮುಂದಿನ ಅಂಚಿನಲ್ಲಿದ್ದ ಉಗುರಿನಷ್ಟು ಚಿಕ್ಕ ಸ್ವಿಚ್ಚನ್ನು ಬೆರಳಲ್ಲಿ ತಳ್ಳಿ, "ಅಣ್ಣಾ, ಇದು ಆಫ್ ಆಗಿತ್ತಲ್ಲೋ" ಅಂದಳು. ಮರ್ಯಾದೆ ಹೋದ ಮೇಲೆ ಕೂತು ಓದಿಕೊಂಡದ್ದು ಈ ಟಿಪ್ಪಣಿಯಲ್ಲಿದೆ.

ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಆರ್‌ಎಫ್‌ಕಿಲ್ ಅಂತ ಒಂದು ಭಾಗ ಇದೆ. ಆರ್‌ಎಫ್ ಅಂದರೆ ರೇಡಿಯೋ ತರಂಗ, ಕಿಲ್ ಅಂದರೆ ಅದರ ಕತೆ ಮುಗಿಸುವುದು. ಲ್ಯಾಪ್‌ಟಾಪ್‌ನಲ್ಲಿರುವ ವೈಫೈ, ಬ್ಲೂಟೂತ್, ಸಿಮ್ ಹಾಕುವ ಮೋಡೆಮ್, ಜಿಪಿಎಸ್, ಎನ್‌ಎಫ್‌ಸಿ ಎಲ್ಲದರ ಆನ್-ಆಫ್ ಲೆಕ್ಕ ಇಡುವುದು ಇದೇ. 2007ರಲ್ಲಿ ಕರ್ನಲ್‌ನ 2.6.22 ಆವೃತ್ತಿಗೆ ಸೇರಿತು. 2009ರಲ್ಲಿ ಯೊಹಾನೆಸ್ ಬರ್ಗ್ ಅದನ್ನು ಹೊಸದಾಗಿ ಬರೆದರು. ಇದೇ ಹೆಸರಿನ ಕಮಾಂಡ್ 2017ರಿಂದ ಯುಟಿಲ್-ಲಿನಕ್ಸ್ ಪ್ಯಾಕೇಜ್ ಜೊತೆಗೇ ಬರುತ್ತದೆ.

ಒಂದು ಮಾತು: ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರಣೆಯಂತೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಆರ್, ಎಫ್, ಕೆ, ಐ, ಎಲ್, ಎಲ್ ಎಲ್ಲ ಸೇರಿಸಿ ಒಂದೇ ಪದ.

ಈಗ ಟರ್ಮಿನಲ್ ತೆರೆದು "ಆರ್‌ಎಫ್‌ಕಿಲ್ ಲಿಸ್ಟ್" ಅಂತ ಕೊಡಿ. ಆ ಭಾನುವಾರ ನಾನು ಇದನ್ನು ಕೊಟ್ಟಿದ್ದರೆ ಕಾಣುತ್ತಿದ್ದದ್ದು ಇಷ್ಟು:

0: ಪಿಎಚ್‌ವೈ0: ವೈರ್‌ಲೆಸ್ ಲ್ಯಾನ್
ಸಾಫ್ಟ್ ಬ್ಲಾಕ್ಡ್: ನೋ
ಹಾರ್ಡ್ ಬ್ಲಾಕ್ಡ್: ಎಸ್

ಮನೆ ಬಾಗಿಲಿಗೆ ಒಳಗಿಂದ ಚಿಲಕ, ಹೊರಗಿಂದ ಬೀಗ ಇರುತ್ತದಲ್ವಾ? ಸಾಫ್ಟ್ ಅನ್ನುವುದು ಚಿಲಕ. ಒಳಗಿರುವ ಸಾಫ್ಟ್‌ವೇರ್ ಹಾಕಬಹುದು, ತೆಗೆಯಬಹುದು. ಹಾರ್ಡ್ ಅನ್ನುವುದು ಬೀಗ. ಒಳಗೆ ನಿಂತು ಎಷ್ಟೇ ಕಿರುಚಿದರೂ ಅದು ಬಿಡುವುದಿಲ್ಲ. ಎರಡೂ "ನೋ" ಆದರೆ ಮಾತ್ರ ರೇಡಿಯೋ ಮಾತಾಡುತ್ತದೆ. ನಂಬಿಕೆ ಬರದಿದ್ದರೆ /ಸಿಸ್/ಕ್ಲಾಸ್/ಆರ್‌ಎಫ್‌ಕಿಲ್ ಫೋಲ್ಡರ್ ಒಳಗೆ ಇಣುಕಿ. ಪ್ರತಿ ರೇಡಿಯೋಗೂ "ಸಾಫ್ಟ್" ಮತ್ತು "ಹಾರ್ಡ್" ಅಂತ ಎರಡು ಪುಟ್ಟ ಫೈಲ್. ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಸಾಫ್ಟ್ ಫೈಲ್‌ಗೆ 0 ಅಥವಾ 1 ಬರೆಯಬಹುದು. ಹಾರ್ಡ್ ಫೈಲ್ ಬರೀ ಓದಲಿಕ್ಕೆ.

ಚಿಲಕದ ವಿಷಯ ಸುಲಭ. "ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ" ಅಂದರೆ ತೆಗೆಯಿತು, "ಬ್ಲಾಕ್ ಬ್ಲೂಟೂತ್" ಅಂದರೆ ಹಾಕಿತು, "ಬ್ಲಾಕ್ ಆಲ್" ಅಂದರೆ ವಿಮಾನ ಹತ್ತಿದ ಹಾಗೆ ಎಲ್ಲ ಬಂದ್. ತಲೆನೋವು ಏನೆಂದರೆ, ಚಿಲಕಕ್ಕೆ ಕೈ ಹಾಕುವವರು ಜಾಸ್ತಿ ಜನ. ಡೆಸ್ಕ್‌ಟಾಪ್‌ನ ಏರ್‌ಪ್ಲೇನ್ ಮೋಡ್ ಹಾಕುತ್ತದೆ. ನೆಟ್‌ವರ್ಕ್‌ಮ್ಯಾನೇಜರ್ ಹಾಕುತ್ತದೆ, ಅದಕ್ಕೆ ತನ್ನದೇ ನೆನಪೂ ಇದೆ. ಅನ್‌ಬ್ಲಾಕ್ ಮಾಡಿದ ಮೇಲೂ ಅದು ಮೊಂಡು ಹಿಡಿದರೆ "ಎನ್‌ಎಂಸಿಎಲ್‌ಐ ರೇಡಿಯೋ ವೈಫೈ ಆನ್" ಕೊಡಿ. ಬೂಟ್ ಆಗುವಾಗ ಸೇವೆಗಳನ್ನೆಲ್ಲ ಎಬ್ಬಿಸುವ ಸಿಸ್ಟಮ್‌ಡಿ ಇದ್ದರೆ, ಅದು ಲ್ಯಾಪ್‌ಟಾಪ್ ಬಂದ್ ಮಾಡುವಾಗ ಚಿಲಕ ಹೇಗಿತ್ತೋ ಅದನ್ನು ಬರೆದಿಟ್ಟುಕೊಂಡು ಮರಳಿ ಆನ್ ಆದಾಗ ಹಾಗೇ ಇಡುತ್ತದೆ. ರೀಬೂಟ್ ಮಾಡಿದರೂ ಬ್ಲೂಟೂತ್ ಆಫ್ ಆಗೇ ಇರುವುದು ಇದರಿಂದಲೇ. ಬ್ಯಾಟರಿ ಉಳಿಸಲು ಟಿಎಲ್‌ಪಿ ಹಾಕಿಕೊಂಡವರು ಅದರ ಕಾನ್ಫಿಗ್ ಫೈಲನ್ನೂ ನೋಡಿ. ಬೂಟ್ ಆಗುವಾಗ ಯಾವ ರೇಡಿಯೋ ಆಫ್ ಆಗಬೇಕು ಅಂತ ಬರೆಯಲು ಅಲ್ಲೊಂದು ಸಾಲಿದೆ.

ಚಿಲಕವೋ ಬೀಗವೋ ಬಿದ್ದಿರುವಾಗ ವೈಫೈ ಇಂಟರ್ಫೇಸನ್ನು ಆನ್ ಮಾಡಲು ಹೋದರೆ "ಆಪರೇಷನ್ ನಾಟ್ ಪಾಸಿಬಲ್ ಡ್ಯೂ ಟು ಆರ್‌ಎಫ್-ಕಿಲ್" ಅಂತ ಬೈಸಿಕೊಳ್ಳುತ್ತೀರಿ. ಬೈಗುಳ ಅಂದುಕೊಳ್ಳಬೇಡಿ, ಅದು ಉಪಕಾರ. ಡ್ರೈವರ್ ಸರಿ ಇದೆ, ಸುಮ್ನೆ ಓಎಸ್ ಮತ್ತೆ ಹಾಕಬೇಡ ಅಂತ ಅದರ ಅರ್ಥ.

ಇನ್ನು ಬೀಗ. ಹಳೇ ಲ್ಯಾಪ್‌ಟಾಪ್‌ಗಳ ವೈಫೈ ಕಾರ್ಡ್ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಅನ್ನುವ ಸ್ಲಾಟ್‌ನಲ್ಲಿ ಕೂರುತ್ತದೆ. ಅದರ 20ನೇ ಪಿನ್‌ನ ಹೆಸರೇ ವೈರ್‌ಲೆಸ್ ಡಿಸೇಬಲ್. ಸ್ವಿಚ್ ತಳ್ಳಿದಾಗ ಆ ಪಿನ್‌ನ ವೋಲ್ಟೇಜ್ ಕೆಳಗಿಳಿಯುತ್ತದೆ, ಕಾರ್ಡ್ ರೇಡಿಯೋ ನಿಲ್ಲಿಸುತ್ತದೆ. ಹೊಸ ಎಂ.2 ಸ್ಲಾಟ್‌ನಲ್ಲಿ ವೈಫೈಗೆ ಒಂದು, ಬ್ಲೂಟೂತ್‌ಗೆ ಒಂದು ಅಂತ ಬೇರೆ ಬೇರೆ ಪಿನ್. ಸ್ವಿಚ್ ಕೆಟ್ಟವರು 20ನೇ ಪಿನ್‌ಗೆ ಟೇಪ್ ಅಂಟಿಸುವುದೂ ಉಂಟು. ಕೆಲಸ ಮಾಡುತ್ತದೆ, ಆದರೆ ಕೂದಲಿನಷ್ಟು ಸಣ್ಣ ಜಾಗಕ್ಕೆ ಟೇಪ್ ಕತ್ತರಿಸುವ ಮೊದಲು ಬಯೋಸ್ ಒಳಗೆ ವೈರ್‌ಲೆಸ್ ಆಫ್ ಆಗಿದೆಯಾ ನೋಡುವುದು ವಾಸಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸುಳ್ಳು ಬೀಗದ ಕತೆ. "ಹಾರ್ಡ್ ಬ್ಲಾಕ್ಡ್: ಎಸ್" ಅಂತ ಹೇಳುವುದು ವೈಫೈ ಡ್ರೈವರ್ ಒಂದೇ ಅಲ್ಲ. ಲ್ಯಾಪ್‌ಟಾಪ್ ಮಾದರಿಗೆಂದೇ ಇನ್ನೊಂದು ಡ್ರೈವರ್ ಇರುತ್ತದೆ: ಥಿಂಕ್‌ಪ್ಯಾಡ್‌ಗೆ ಥಿಂಕ್‌ಪ್ಯಾಡ್-ಎಸಿಪಿಐ, ಎಚ್‌ಪಿಗೆ ಎಚ್‌ಪಿ-ಡಬ್ಲ್ಯುಎಂಐ, ಐಡಿಯಾಪ್ಯಾಡ್‌ಗೆ ಐಡಿಯಾಪ್ಯಾಡ್-ಲ್ಯಾಪ್‌ಟಾಪ್. ಈ ಕೊನೆಯದು ಲ್ಯಾಪ್‌ಟಾಪ್‌ನೊಳಗೇ ಬರೆದಿಟ್ಟ ಫರ್ಮ್‌ವೇರ್ ಅನ್ನು "ರೇಡಿಯೋ ಸ್ವಿಚ್ ಹೇಗಿದೆ?" ಅಂತ ಕೇಳುತ್ತದೆ. ಸ್ವಿಚ್ಚೇ ಇಲ್ಲದ ಮಾದರಿಗಳಲ್ಲಿ ಉತ್ತರ ಯಾವಾಗಲೂ 0. ಅಂದರೆ "ಆಫ್". ಬೀಗವೇ ಇಲ್ಲದ ಬಾಗಿಲಿಗೆ ಬೀಗ ಬಿದ್ದಿದೆ ಅಂತ ವರದಿ! ಕರ್ನಲ್ ಬರೆಯುವವರು ಸ್ವಿಚ್ ಇಲ್ಲದ ಮಾದರಿಗಳ ಪಟ್ಟಿ ಮಾಡಿದರು. ಪ್ರತಿ ಹೊಸ ಮಾದರಿಗೂ ಒಂದು ಸಾಲು ಸೇರಿಸಿ ಸೇರಿಸಿ ಸುಸ್ತಾದರು. ಕೊನೆಗೆ ಲೆಕ್ಕವನ್ನೇ ತಿರುಗಿಸಿದರು: ಸ್ವಿಚ್ ಇಲ್ಲ ಅಂತಲೇ ಹೊರಡೋಣ, ಇರುವ ಕೆಲವನ್ನು ಮಾತ್ರ ಪಟ್ಟಿಗೆ ಹಾಕೋಣ. ಅವರು ಕೊಟ್ಟ ಕಾರಣ ಚೆನ್ನಾಗಿದೆ. ಇಲ್ಲದ ಬೀಗವನ್ನು ಇದೆ ಅಂದರೆ ವೈಫೈ ಪೂರ್ತಿ ಸತ್ತ ಹಾಗೆ. ಇರುವ ಬೀಗವನ್ನು ಇಲ್ಲ ಅಂದರೆ ನೆಟ್‌ವರ್ಕ್ ಪಟ್ಟಿ ಖಾಲಿ ಕಾಣುತ್ತದೆ, ಅಷ್ಟೇ. ಎರಡನೇ ತಪ್ಪು ಕಡಿಮೆ ನೋವಿನದು. ಹಳೇ ಕರ್ನಲ್‌ನಲ್ಲಿ ಈ ಕಾಟ ಬಂದರೆ "ಮಾಡ್‌ಪ್ರೋಬ್ -ಆರ್" ಕೊಟ್ಟು ಆ ಡ್ರೈವರನ್ನು ಇಳಿಸಿ ನೋಡಿ. ಕಾಟ ಹೋದರೆ, ಬೂಟ್ ಆದಾಗ ಮತ್ತೆ ಏಳದಂತೆ ಆ ಡ್ರೈವರನ್ನು ಬ್ಲ್ಯಾಕ್‌ಲಿಸ್ಟ್‌ಗೆ ಹಾಕಿ.

ಪಟ್ಟಿಯಲ್ಲಿ ಬ್ಲೂಟೂತ್ ಎರಡು ಸಲ ಕಂಡರೆ ಗಾಬರಿ ಬೇಡ. ಥಿಂಕ್‌ಪ್ಯಾಡ್‌ನಲ್ಲಿ ಒಂದು "ಟಿಪಿಎಸಿಪಿಐ ಬ್ಲೂಟೂತ್ ಎಸ್‌ಡಬ್ಲ್ಯು", ಇನ್ನೊಂದು "ಎಚ್‌ಸಿಐ0". ಮೊದಲನೆಯದು ಲ್ಯಾಪ್‌ಟಾಪ್ ಕಡೆಯ ಸ್ವಿಚ್, ಎರಡನೆಯದು ಬ್ಲೂಟೂತ್ ಚಿಪ್‌ನದೇ ಸ್ವಿಚ್. ವೈಫೈ, ಬ್ಲೂಟೂತ್ ಒಂದೇ ಕಾರ್ಡ್‌ನಲ್ಲಿದ್ದರೂ ಸಾಮಾನ್ಯವಾಗಿ ವೈಫೈ ಪಿಸಿಐ ದಾರಿಯಲ್ಲಿ, ಬ್ಲೂಟೂತ್ ಯುಎಸ್‌ಬಿ ದಾರಿಯಲ್ಲಿ ಬರುತ್ತದೆ. ಮೊದಲನೆಯದನ್ನು ಬ್ಲಾಕ್ ಮಾಡಿದರೆ ಯುಎಸ್‌ಬಿಯಿಂದ ಚಿಪ್ಪೇ ಕಿತ್ತುಹೋದಂತೆ ಆಗಿ, ಎರಡನೆಯದು ಪಟ್ಟಿಯಿಂದ ಮಾಯ. ಬ್ಲಾಕ್ ಆದದ್ದಲ್ಲ, ಸಾಲೇ ಇಲ್ಲ.

ಪಟ್ಟಿಯಲ್ಲಿ ವೈಫೈ ಸಾಲೇ ಇಲ್ಲದಿದ್ದರೆ? ಆಗ ಬೈಯಿರಿ ಡ್ರೈವರ್‌ಗೆ, ಇಲ್ಲವೇ ಕಾರ್ಡ್‌ನ ಫರ್ಮ್‌ವೇರ್‌ಗೆ. ಕಾರ್ಡ್ ಕಾಣುತ್ತಿದೆಯಾ ಅಂತ "ಎಲ್‌ಎಸ್‌ಪಿಸಿಐ" ಹೇಳುತ್ತದೆ, ಯಾಕೆ ಏಳಲಿಲ್ಲ ಅಂತ "ಡಿಮೆಸೇಜ್" (ಟೈಪ್ ಮಾಡುವುದು ಡಿ, ಎಂ, ಇ, ಎಸ್, ಜಿ) ಹೇಳುತ್ತದೆ.

ಮನೆಯಲ್ಲಿ ಮಾಡಿ ನೋಡಲು ಒಂದು ಕೆಲಸ. ಟರ್ಮಿನಲ್‌ನಲ್ಲಿ "ಆರ್‌ಎಫ್‌ಕಿಲ್ ಇವೆಂಟ್" ಕೊಟ್ಟು ಹಾಗೇ ಬಿಡಿ. ಈಗ ಕೀಬೋರ್ಡ್‌ನ ವೈಫೈ ಕೀ ಒತ್ತಿ. ಸಾಲುಗಳು ಇಳಿದು ಬರುತ್ತವೆ. ಟೈಪ್ 1 ಅಂದರೆ ವೈಫೈ, 2 ಅಂದರೆ ಬ್ಲೂಟೂತ್. ಆಪ್ 0 ಅಂದರೆ ಹೊಸದು ಬಂತು, 1 ಅಂದರೆ ಹೋಯಿತು, 2 ಅಂದರೆ ಬದಲಾಯಿತು. ಕೀ ಒತ್ತಿದಾಗ ಸಾಫ್ಟ್ ಅಂಕಿ ಬದಲಾದರೆ ಆ ಕೀ ಬರೀ ಚಿಲಕ. ಹಾರ್ಡ್ ಬದಲಾದರೆ ಬೀಗ. ತಂಗಿಯ ಲ್ಯಾಪ್‌ಟಾಪ್‌ನಲ್ಲಿ ಆ ಪುಟ್ಟ ಸ್ವಿಚ್ ತಳ್ಳಿದಾಗ ಸಾಫ್ಟ್ 0 ಆಗೇ ಇತ್ತು, ಹಾರ್ಡ್ ಮಾತ್ರ 0 ಇದ್ದದ್ದು 1 ಆಯಿತು. ವಾಪಸ್ ತಳ್ಳಿದೆ, 0 ಆಯಿತು. ನಾಲ್ಕೈದು ಸಲ ಆಡಿದ ಮೇಲೆ "ಸ್ವಿಚ್ ಮುರಿಯುತ್ತೆ, ಕೊಡು ಇಲ್ಲಿ" ಅಂತ ಕಿತ್ತುಕೊಂಡು ಹೋದಳು.