ಸುಳಿವು ಕಣ್ಣೆದುರೇ ಇರಬೇಕು, ಕಣ್ಣಿಗೆ ಬೀಳಬಾರದು

ಕೊಲೆಗಾರ ಯಾರು ಅಂತ ಕೊನೆಯ ಪುಟಕ್ಕೆ ಮೊದಲೇ ಊಹಿಸುವುದು ಪತ್ತೇದಾರಿ ಕಾದಂಬರಿ ಓದುವವರ ಹಳೇ ಚಟ. ಆದರೆ ಹಾಗೆ ಊಹಿಸಲು ಬೇಕಾದ ಸುಳಿವುಗಳನ್ನೆಲ್ಲ ಲೇಖಕರು ಮುಂಚೆಯೇ ಕೊಟ್ಟಿರಬೇಕು ಅನ್ನುವ ಕಟ್ಟುಪಾಡು ಪತ್ತೇದಾರಿ ಕಥೆಯ ಜೊತೆಗೇ ಹುಟ್ಟಿದ್ದಲ್ಲ. ಅದು ಗಟ್ಟಿಯಾಗಲು ಸುಮಾರು 80 ವರ್ಷ ಹಿಡಿಯಿತು.

1841ರಲ್ಲಿ ಬಂದ ಎಡ್ಗರ್ ಅಲನ್ ಪೋ ಅವರ 'ದಿ ಮರ್ಡರ್ಸ್ ಇನ್ ದಿ ರೂ ಮಾರ್ಗ್' ಅನ್ನು ಮೊದಲ ಪತ್ತೇದಾರಿ ಕಥೆ ಎನ್ನುತ್ತಾರೆ. ಸಾಕ್ಷಿಗಳ ಹೇಳಿಕೆಗಳೆಲ್ಲ ಅದರಲ್ಲಿ ಓದುಗರಿಗೆ ಸಿಗುತ್ತವೆ. ಆದರೆ ಸತ್ತವಳ ಬೆರಳುಗಳ ನಡುವೆ ಸಿಕ್ಕ ಕೂದಲನ್ನು ಪತ್ತೇದಾರ ಡ್ಯೂಪಿನ್ ಹೊರಗೆ ತೆಗೆಯುವುದು ಉತ್ತರ ಹೇಳುವ ಹೊತ್ತಿಗೇ! ಷರ್ಲಾಕ್ ಹೋಮ್ಸ್‌ನೂ ಕಡಿಮೆಯೇನಲ್ಲ. 1887ರ ಮೊದಲ ಕಾದಂಬರಿಯಲ್ಲಿ ಅವನು ಅಮೆರಿಕದ ಕ್ಲೀವ್‌ಲ್ಯಾಂಡ್‌ಗೆ ಒಂದು ಟೆಲಿಗ್ರಾಂ ಕಳಿಸುತ್ತಾನೆ. ಏನು ಕೇಳಿದ, ಏನು ಉತ್ತರ ಬಂತು ಅನ್ನುವುದು ನಮಗೆ ತಿಳಿಯುವುದು ಎಲ್ಲ ಮುಗಿದ ಮೇಲೆ. ಆಗಿನ ಓದುಗರಿಗೆ ಅದರಿಂದ ಬೇಜಾರಾದಂತೆ ಕಾಣುವುದಿಲ್ಲ. ಪತ್ತೇದಾರನ ಜಾಣತನ ನೋಡಿ ಬೆರಗಾಗುವುದೇ ಅವರಿಗೆ ಸಾಕಿತ್ತು.

ಓದುಗರನ್ನು ಆಟಕ್ಕೆ ಇಳಿಸಿದ್ದು ಪತ್ರಿಕೆಗಳು. ಕಥೆ ಧಾರಾವಾಹಿಯಾಗಿ ಬರುತ್ತಿದ್ದರೆ ಜನ ಸುಮ್ನೆ ಕೂರುತ್ತಾರಾ? 1891ರಲ್ಲಿ ಇಸ್ರೇಲ್ ಝ್ಯಾಂಗ್‌ವಿಲ್ ಲಂಡನ್ನಿನ 'ಸ್ಟಾರ್' ಪತ್ರಿಕೆಗೆ ಬರೆದ ಧಾರಾವಾಹಿಯಲ್ಲಿ, ಒಳಗಿನಿಂದ ಬೀಗ ಹಾಕಿದ ಕೋಣೆಯಲ್ಲಿ ಒಬ್ಬ ಕೊಲೆಯಾಗುತ್ತಾನೆ. ಓದುಗರು ತಮ್ಮ ತಮ್ಮ ಉತ್ತರ ಬರೆದು ಕಳಿಸಿದರು. 1905ರಲ್ಲಿ ಬೋಸ್ಟನ್ನಿನ ಪತ್ರಿಕೆಯೊಂದು ಜ್ಯಾಕ್ ಫ್ಯುಟ್ರೆಲ್ ಅವರ ಕಥೆಯನ್ನು ಕಂತುಗಳಲ್ಲಿ ಹಾಕಿ, ಬಿಡಿಸಿದವರಿಗೆ ಬಹುಮಾನವನ್ನೇ ಇಟ್ಟಿತು. ಜೈಲಿನ ಕೋಣೆಯಿಂದ ಬುದ್ಧಿಬಲದಿಂದಲೇ ತಪ್ಪಿಸಿಕೊಳ್ಳುವುದು ಹೇಗೆ ಅನ್ನುವುದು ಅಲ್ಲಿನ ಪ್ರಶ್ನೆ.

ಅದೇ ವರ್ಷ ಇಂಗ್ಲೆಂಡಿನಲ್ಲಿ ಎಡ್ಗರ್ ವಾಲೇಸ್ ಇದೇ ಆಟವನ್ನು ದೊಡ್ಡದಾಗಿ ಆಡಲು ಹೋದರು. 'ದಿ ಫೋರ್ ಜಸ್ಟ್ ಮೆನ್' ಕಾದಂಬರಿಯನ್ನು ತಾವೇ ಪ್ರಕಟಿಸಿ, ಉತ್ತರವನ್ನು ಮಾತ್ರ ಬಿಟ್ಟು, ಕೊಲೆ ಹೇಗಾಯಿತು ಅಂತ ಸರಿಯಾಗಿ ಹೇಳಿದವರಿಗೆ ಒಟ್ಟು 500 ಪೌಂಡ್ ಬಹುಮಾನ ಎಂದು ಭರ್ಜರಿ ಜಾಹೀರಾತು ಕೊಟ್ಟರು. ಒಂದೊಂದು ಬಹುಮಾನವನ್ನೂ ಎಷ್ಟು ಜನರಿಗೆ ಕೊಡಬೇಕು ಅನ್ನುವ ಮಿತಿಯನ್ನು ಮಾತ್ರ ಹಾಕಲಿಲ್ಲ. ಸರಿಯುತ್ತರ ಕಳಿಸಿದವರು ಒಬ್ಬಿಬ್ಬರಲ್ಲ. ಪುಸ್ತಕ ಚೆನ್ನಾಗಿಯೇ ಮಾರಾಟವಾಯಿತು, ಲೇಖಕರು ಸಾಲದಲ್ಲಿ ಮುಳುಗಿದರು. ಕೊನೆಗೆ ಅವರು ಕೆಲಸ ಮಾಡುತ್ತಿದ್ದ ಪತ್ರಿಕೆಯ ಮಾಲೀಕ ಆಲ್ಫ್ರೆಡ್ ಹಾರ್ಮ್ಸ್‌ವರ್ತ್ ಸಾಲ ಕೊಟ್ಟು ಕೈಹಿಡಿಯಬೇಕಾಯಿತು. ಈ ಫಜೀತಿ ಓದಿ ನಗು ಬರುತ್ತದೆ, ನಿಜ. ಆದರೆ ಒಂದು ವಿಷಯ ಇದರಿಂದ ಖಾತ್ರಿಯಾಯಿತು. ಬಿಡಿಸಲು ಸಾಧ್ಯವಿರುವ ಒಗಟನ್ನು ಮುಂದಿಟ್ಟರೆ ಜನ ನಿಜಕ್ಕೂ ಬಿಡಿಸುತ್ತಾರೆ.

ಮೊದಲ ಮಹಾಯುದ್ಧದ ನಂತರ ಈ ಆಟಕ್ಕೆ ಒಳ್ಳೆಯ ಕಾಲ ಬಂತು. ಪದಬಂಧದ ಹುಚ್ಚು ಹಬ್ಬಿದ್ದೂ ಆ ದಶಕದಲ್ಲೇ. 1926ರಲ್ಲಿ ಅಗಾಥಾ ಕ್ರಿಸ್ಟಿ ಅವರ 'ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್' ಬಂದಾಗ ಕೆಲವರು ಇದು ಮೋಸ ಎಂದು ಸಿಟ್ಟಾದರು. ಕಾರಣ ಹೇಳಿದರೆ ಓದದವರಿಗೆ ಅನ್ಯಾಯ, ಬಿಡಿ. ಎಲ್ಲರ ಮೇಲೂ ಅನುಮಾನ ಪಡುವುದು ಓದುಗರ ಕೆಲಸ ಅಂತ ಇನ್ನೊಬ್ಬ ಪತ್ತೇದಾರಿ ಕಾದಂಬರಿಕಾರ್ತಿ ಡೊರೊತಿ ಸೇಯರ್ಸ್ ಕ್ರಿಸ್ಟಿಯವರ ಪರ ನಿಂತರು. ನನ್ನ ಮತವೂ ಅವರಿಗೇ. ಆ ಪುಸ್ತಕವನ್ನು ಎರಡನೇ ಸಲ ಓದಿದರೆ ಸುಳಿವುಗಳು ಅಲ್ಲೇ ಇರುವುದು ಕಾಣುತ್ತದೆ.

ಜಗಳ ಶುರುವಾದ ಮೇಲೆ ನಿಯಮಗಳು ಬಂದವು. 1928ರಲ್ಲಿ ಅಮೆರಿಕದ ಪತ್ತೇದಾರಿ ಲೇಖಕ ಎಸ್. ಎಸ್. ವ್ಯಾನ್ ಡೈನ್ 20 ನಿಯಮ ಬರೆದರು. ಮರುವರ್ಷ ಇಂಗ್ಲೆಂಡಿನಲ್ಲಿ ಪತ್ತೇದಾರಿ ಕಥೆಗಳನ್ನೂ ಬರೆಯುತ್ತಿದ್ದ ರೊನಾಲ್ಡ್ ನಾಕ್ಸ್ ಅನ್ನುವ ಪಾದ್ರಿ 10 ಕಟ್ಟಳೆ ಹೇಳಿದರು. ದೆವ್ವ ಭೂತ ಬೇಡ, ಯಾರೂ ಕೇಳರಿಯದ ವಿಷ ಬೇಡ, ಗುಪ್ತ ಕೋಣೆ ಒಂದಕ್ಕಿಂತ ಜಾಸ್ತಿ ಬೇಡ, ಪತ್ತೇದಾರನಿಗೆ ಕಂಡ ಸುಳಿವು ಓದುಗರಿಗೂ ಕಾಣಬೇಕು. ಕಥೆಯಲ್ಲಿ ಚೀನೀಯರು ಇರಬಾರದು ಅನ್ನುವುದೂ ಅದರಲ್ಲಿತ್ತು. ಇವತ್ತು ಓದಿದರೆ ಕಸಿವಿಸಿಯಾಗುತ್ತದೆ. ಖಳನಾಯಕ ಬೇಕೆಂದರೆ ಚೀನೀಯನನ್ನು ತಂದು ನಿಲ್ಲಿಸುತ್ತಿದ್ದ ಆಗಿನ ಅಗ್ಗದ ಕಥೆಗಳಿಗೆ ಅದು ಚುಚ್ಚುಮಾತು. 1930ರಲ್ಲಿ ಲಂಡನ್ನಿನಲ್ಲಿ ಲೇಖಕರ 'ಡಿಟೆಕ್ಷನ್ ಕ್ಲಬ್' ಹುಟ್ಟಿತು. ಮುಖ್ಯ ಸುಳಿವನ್ನು ಓದುಗರಿಂದ ಮುಚ್ಚಿಡುವುದಿಲ್ಲ ಅಂತ ಹೊಸ ಸದಸ್ಯರು ಪ್ರಮಾಣ ಮಾಡಬೇಕಿತ್ತು. ಆ ವಿಧಿಗೆ ಒಂದು ತಲೆಬುರುಡೆಯೂ ಇತ್ತು. ಅದರ ಹೆಸರು ಎರಿಕ್! ಇದೆಲ್ಲ ಅರ್ಧ ತಮಾಷೆ, ಅರ್ಧ ನಿಜ. ನಿಯಮ ಹೇಳಿದವರೇ ಅದನ್ನು ಮುರಿದದ್ದೂ ಉಂಟು.

ಮಾಡಬಾರದ್ದನ್ನು ಪಟ್ಟಿ ಮಾಡುವುದು ಸುಲಭ. ಸುಳಿವನ್ನು ಓದುಗರ ಕೈಗೆ ಕೊಟ್ಟೂ ಅದು ಸುಳಿವು ಅಂತ ಗೊತ್ತಾಗದಂತೆ ಮಾಡುವುದೇ ಕಷ್ಟ. ಆ ಕಾಲದ ನಿಜವಾದ ಸಾಧನೆ ಅಲ್ಲಿದೆ ಅಂತ ನನಗನಿಸುತ್ತದೆ. ಕೋಣೆಯಲ್ಲಿದ್ದ ಹತ್ತು ವಸ್ತುಗಳನ್ನು ಹೆಸರಿಸುವಾಗ ಬೇಕಾದದ್ದನ್ನು ಆರನೆಯದಾಗಿ ಇಡುವುದು. ಮುಖ್ಯ ಮಾತನ್ನು ಎಲ್ಲರೂ ನಗುವ ಪಾತ್ರದ ಬಾಯಲ್ಲಿ ಹೇಳಿಸುವುದು. ಸುಳಿವು ಕೊಟ್ಟ ಮರುಕ್ಷಣವೇ ಜಗಳವನ್ನೋ ಕಿರುಚಾಟವನ್ನೋ ತಂದು ಗಮನ ಬೇರೆಡೆಗೆ ಎಳೆಯುವುದು. ಒಂದೇ ಸುಳಿವನ್ನು ಎರಡು ತುಂಡು ಮಾಡಿ, ಒಂದನ್ನು ಮೂರನೇ ಅಧ್ಯಾಯದಲ್ಲಿ, ಇನ್ನೊಂದನ್ನು ಹದಿಮೂರರಲ್ಲಿ ಇಡುವುದು. ಎಲ್ಲಕ್ಕಿಂತ ಚೆಂದದ್ದು, ಇರಬೇಕಾದದ್ದು ಇಲ್ಲದಿರುವುದನ್ನೇ ಸುಳಿವಾಗಿಸುವುದು. ಹೋಮ್ಸ್ ಕಥೆಯೊಂದರಲ್ಲಿ ರಾತ್ರಿ ಬೊಗಳದ ನಾಯಿ ಇದೆಯಲ್ಲ, ಅದು ಈ ಜಾತಿಯದು. ಓದುಗರು ಸೋತರೂ ಪರವಾಗಿಲ್ಲ, 'ಛೇ, ಇದು ನನಗೆ ಹೊಳೆಯಬೇಕಿತ್ತು' ಅನ್ನಬೇಕು. 'ಇದನ್ನು ನೀವು ಹೇಳಲೇ ಇಲ್ಲವಲ್ಲ' ಅಂದರೆ ಕಥೆ ಕೆಟ್ಟಿತು.

ಅಮೆರಿಕದಲ್ಲಿ ಎಲರಿ ಕ್ವೀನ್ ಅನ್ನುವ ಹೆಸರಲ್ಲಿ ಬರೆಯುತ್ತಿದ್ದ ಫ್ರೆಡರಿಕ್ ಡ್ಯಾನೆ, ಮ್ಯಾನ್‌ಫ್ರೆಡ್ ಲೀ ಎಂಬ ಸೋದರಸಂಬಂಧಿಗಳು ಇನ್ನೂ ಮುಂದೆ ಹೋದರು. 1929ರಿಂದ ಬಂದ ಅವರ ಆರಂಭದ ಕಾದಂಬರಿಗಳಲ್ಲಿ ಕಥೆ ಕೊನೆಗೆ ಬರುವಾಗ ನಿಂತುಬಿಡುತ್ತದೆ. ಬೇಕಾದ ಮಾಹಿತಿಯೆಲ್ಲ ಈಗ ನಿಮ್ಮ ಬಳಿ ಇದೆ, ಉತ್ತರ ಹೇಳಿ ನೋಡೋಣ ಅನ್ನುವ ಸವಾಲು ಬರುತ್ತದೆ. ಇನ್ನು ಕೆಲವು ಲೇಖಕರು ಯಾವ ಸುಳಿವು ಯಾವ ಪುಟದಲ್ಲಿತ್ತು ಅಂತ ಪುಸ್ತಕದ ಕೊನೆಗೆ ಪಟ್ಟಿಯನ್ನೇ ಕೊಟ್ಟರು.

1940ರ ದಶಕದಲ್ಲಿ ಗಾಳಿ ತಿರುಗಿತು. 1944ರಲ್ಲಿ ಅಮೆರಿಕದ ಅಪರಾಧ ಕಾದಂಬರಿಕಾರ ರೇಮಂಡ್ ಚಾಂಡ್ಲರ್ ಇಂಥ ಕಥೆಗಳಲ್ಲಿ ಬದುಕೇ ಇಲ್ಲ ಎಂದು ಕಟುವಾಗಿ ಬರೆದರು. ಇಂಗ್ಲಿಷಿನಲ್ಲಿ ಒಗಟಿನ ಕಥೆ ಹಿಂದೆ ಸರಿಯಿತು. ಅದನ್ನು ಎತ್ತಿಹಿಡಿದದ್ದು ಜಪಾನ್. ಅಲ್ಲೂ 1950ರ ದಶಕದ ಕೊನೆಯಿಂದ ಸಾಮಾಜಿಕ ಅಪರಾಧ ಕಥೆಗಳದ್ದೇ ಕಾರುಬಾರಾಗಿತ್ತು. ಆದರೆ 1981ರಲ್ಲಿ ಸೋಜಿ ಶಿಮಾದ, 1987ರಲ್ಲಿ ಯುಕಿತೊ ಅಯಾತ್ಸುಜಿ ಹಳೇ ಬಗೆಯ ಒಗಟನ್ನು ಮತ್ತೆ ತಂದರು. ಅಯಾತ್ಸುಜಿ ಬಂದದ್ದು ಕ್ಯೋಟೊ ವಿಶ್ವವಿದ್ಯಾಲಯದ ಪತ್ತೇದಾರಿ ಕಥೆಗಳ ಕ್ಲಬ್ಬಿನಿಂದ. ಸದಸ್ಯರೊಬ್ಬರು ಕಥೆ ಬರೆದು ಮುಂದಿಡುವುದು, ಉಳಿದವರು ಅಪರಾಧಿಯನ್ನು ಹುಡುಕುವುದು ಅಲ್ಲಿನ ಆಟ.

ಜಪಾನೀಯರು ಎಲರಿ ಕ್ವೀನ್ ಅವರ ಸವಾಲಿನ ಆ ಪುಟವನ್ನೇ ಹಿಡಿದು ಪ್ರಶ್ನೆ ಎತ್ತಿದರು. ಕಥೆಯೊಳಗಿನ ಪತ್ತೇದಾರನಿಗೆ ಎಲ್ಲ ಸುಳಿವು ಸಿಕ್ಕಿದೆ ಅಂತ ಅವನಿಗೆ ಹೇಗೆ ಗೊತ್ತು? ಒಂದು ಸುಳಿವನ್ನು ಕೊಲೆಗಾರನೇ ಬೇಕೆಂದು ಇಟ್ಟಿದ್ದರೆ? ಕ್ವೀನ್ ಅವರ 1932ರ ಕಾದಂಬರಿಯೊಂದರಲ್ಲಿ ಆಗುವುದು ಇದೇ. ಆದ್ದರಿಂದ ಖಾತ್ರಿ ಕೊಡಬಲ್ಲವರು ಕಥೆಯ ಹೊರಗಿರುವ ಲೇಖಕರೊಬ್ಬರೇ, ಸವಾಲಿನ ಪುಟ ಮಾಡುವ ಕೆಲಸ ಅದೇ ಅಂತ ವಾದ ಹುಟ್ಟಿತು. ಲೇಖಕರ ಖಾತ್ರಿಯೊಂದಿದ್ದರೆ ಸಾಕು ಅಂತ ಒಪ್ಪಿದರೆ ನಾಕ್ಸ್ ಬೇಡ ಅಂದ ದೆವ್ವ ಭೂತಗಳಿಗೂ ಬಾಗಿಲು ತೆರೆಯುತ್ತದೆ. ಇತ್ತೀಚಿನ ಜಪಾನೀ ಕಾದಂಬರಿಗಳಲ್ಲಿ ಜೋಂಬಿಗಳು ಬಂದಿವೆ, ಮಾಯಾಶಕ್ತಿಯೂ ಬಂದಿದೆ. ಹೆಣ ಎದ್ದು ನಡೆಯಲಿ, ಅಡ್ಡಿಯಿಲ್ಲ. ಅದಕ್ಕೆ ಬಾಗಿಲು ತೆರೆಯಲು ಬರುತ್ತದೋ ಇಲ್ಲವೋ ಅನ್ನುವುದನ್ನು ಮಾತ್ರ ಕೊಲೆಗಾರನ ಹೆಸರು ಹೇಳುವ ಮೊದಲೇ ಓದುಗರಿಗೆ ತಿಳಿಸಿರಬೇಕು.