ಜರ್ಮನ್ನರು ಚರ್ಚ್ ತೊರೆಯುವುದು ತೆರಿಗೆ ಉಳಿಸಲೆಂದೇ?

ಪ್ರಶ್ನೆ: ಜರ್ಮನಿಯಲ್ಲಿ ಪ್ರತಿವರ್ಷ ಲಕ್ಷಗಟ್ಟಲೆ ಜನ ಚರ್ಚಿನ ಸದಸ್ಯತ್ವ ತೊರೆಯುತ್ತಿದ್ದಾರೆ. ಅವರು ನಂಬಿಕೆ ಕಳೆದುಕೊಂಡಿದ್ದಾರೆಯೇ, ಇಲ್ಲವೇ ಇದು ಬರೀ ತೆರಿಗೆಯ ಲೆಕ್ಕಾಚಾರವೇ?

ಉತ್ತರ: ತೆರಿಗೆಯನ್ನು ಕಾರಣವೆನ್ನುವುದಕ್ಕಿಂತ ನಿಮಿತ್ತವೆನ್ನುವುದು ಸರಿ. ಜರ್ಮನಿಯಲ್ಲಿ ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟಂಟ್ ಚರ್ಚಿನ ಸದಸ್ಯರಾದವರು ಆದಾಯ ತೆರಿಗೆ ಕಟ್ಟುತ್ತಿದ್ದರೆ, ಆ ತೆರಿಗೆಯ ಮೊತ್ತದ ಮೇಲೆ ಇನ್ನೂ ಶೇ 9ರಷ್ಟನ್ನು (ಬವೇರಿಯಾ ಮತ್ತು ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯಗಳಲ್ಲಿ ಶೇ 8ರಷ್ಟನ್ನು) ಚರ್ಚ್ ತೆರಿಗೆಯಾಗಿ ಕೊಡಬೇಕಾಗುತ್ತದೆ. ತಿಂಗಳಿಗೆ 500 ಯೂರೊ ಆದಾಯ ತೆರಿಗೆ ಇರುವವರಿಗೆ ಇದು 45 ಯೂರೊ. ಹಣವನ್ನು ಸಂಬಳದಲ್ಲೇ ಮುರಿದುಕೊಂಡು, ಸರ್ಕಾರ ಚರ್ಚಿಗೆ ತಲುಪಿಸುತ್ತದೆ. ಅಲ್ಲಿ ಕೆಲಸಕ್ಕೆ ಸೇರಿದ ಮಂಗಳೂರಿನ ಕ್ಯಾಥೊಲಿಕರೂ ವಿಳಾಸ ನೋಂದಣಿಯ ಅರ್ಜಿಯಲ್ಲಿ ತಮ್ಮ ಧರ್ಮವನ್ನು ನಮೂದಿಸಿದರೆ ಇದೇ ನಿಯಮಕ್ಕೆ ಒಳಪಡುತ್ತಾರೆ.

ಹೊರಬರಲು ಪಾದ್ರಿಯನ್ನು ಕಾಣಬೇಕಾಗಿಲ್ಲ. ಹೆಚ್ಚಿನ ರಾಜ್ಯಗಳಲ್ಲಿ ನ್ಯಾಯಾಲಯ ಅಥವಾ ನೋಂದಣಿ ಕಚೇರಿಗೆ ಹೋಗಿ ಸಹಿ ಹಾಕಿದರೆ ಮುಗಿಯಿತು. ಬೇರೆ ದೇಶಗಳಲ್ಲಿ ಆರಾಧನೆಗೆ ಹೋಗುವುದನ್ನು ನಿಲ್ಲಿಸಿದವರು ಯಾರ ಲೆಕ್ಕಕ್ಕೂ ಸಿಗದೆ ಉಳಿದರೆ, ಇಲ್ಲಿ ಸಂಬಳದ ಚೀಟಿಯೇ ಪ್ರತಿ ತಿಂಗಳೂ ಸದಸ್ಯತ್ವವನ್ನು ನೆನಪಿಸುವುದರಿಂದ ಮನಸ್ಸಿನೊಳಗಿನ ದೂರವು ಕಡತಕ್ಕೆ ಇಳಿಯುತ್ತದೆ. ಸಂಪಾದನೆ ಆರಂಭಿಸಿದ ಯುವಕ ಯುವತಿಯರಲ್ಲೇ ತೊರೆಯುವವರು ಹೆಚ್ಚಾಗಿರುವುದು ಇದೇ ಕಾರಣಕ್ಕೆ.

ಆದರೆ ತೆರಿಗೆಯೊಂದೇ ಮೂಲವಾಗಿದ್ದರೆ, ಅಂಥ ತೆರಿಗೆಯೇ ಇಲ್ಲದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕ್ರೈಸ್ತರೆಂದು ಹೇಳಿಕೊಂಡವರ ಪ್ರಮಾಣ 2001ರ ಜನಗಣತಿಯ ಶೇ 71.7ರಿಂದ 2021ರಲ್ಲಿ ಶೇ 46.2ಕ್ಕೆ ಕುಸಿಯಬಾರದಿತ್ತು. ಜರ್ಮನಿಯಲ್ಲಿಯೂ ತೊರೆಯುವವರ ಸಂಖ್ಯೆ ಏರಿದ್ದು ತೆರಿಗೆ ಏರಿದಾಗ ಮಾತ್ರವಲ್ಲ. 1946ರಿಂದ 2014ರವರೆಗೆ 1,670 ಪಾದ್ರಿಗಳು ಮತ್ತಿತರ ಧರ್ಮಸೇವಕರು 3,677 ಮಕ್ಕಳನ್ನು ಲೈಂಗಿಕ ದೌರ್ಜನ್ಯಕ್ಕೆ ಗುರಿಪಡಿಸಿದ್ದರೆಂದು ಕ್ಯಾಥೊಲಿಕ್ ಬಿಷಪ್ಪರೇ ಮಾಡಿಸಿದ ಅಧ್ಯಯನ 2018ರಲ್ಲಿ ತಿಳಿಸಿತು. 2022ರ ಜನವರಿಯಲ್ಲಿ ಹೊರಬಂದ ಮ್ಯೂನಿಕ್ ಧರ್ಮಪ್ರಾಂತ್ಯದ ವರದಿಯು, ಮುಂದೆ ಪೋಪ್ ಆದ ಬೆನೆಡಿಕ್ಟ್ ಅವರು ಅಲ್ಲಿ ಆರ್ಚ್‌ಬಿಷಪ್ ಆಗಿದ್ದಾಗ ಕೆಲವು ಪ್ರಕರಣಗಳಲ್ಲಿ ತಪ್ಪಾಗಿ ನಡೆದುಕೊಂಡಿದ್ದರೆಂದಿತು. ಆ ವರ್ಷ 5.22 ಲಕ್ಷಕ್ಕೂ ಹೆಚ್ಚು ಜನ ಕ್ಯಾಥೊಲಿಕ್ ಚರ್ಚನ್ನು ತೊರೆದರು, ಅದುವರೆಗೆ ಯಾವ ವರ್ಷವೂ ಅಷ್ಟು ಮಂದಿ ಬಿಟ್ಟಿರಲಿಲ್ಲ. ಇವರೆಲ್ಲರನ್ನೂ ತೆರಿಗೆಗಳ್ಳರೆಂದು ಕರೆಯುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಪೂರ್ವ ಜರ್ಮನಿಯದು ಬೇರೆ ಚರಿತ್ರೆ. ಕಮ್ಯುನಿಸ್ಟ್ ಆಡಳಿತದ ನಾಲ್ಕು ದಶಕಗಳಲ್ಲಿ ಸಂಬಂಧ ಕಡಿದುಕೊಂಡ ಕುಟುಂಬಗಳು 1990ರ ಏಕೀಕರಣದ ಬಳಿಕವೂ ಬಹುಪಾಲು ಮರಳಲಿಲ್ಲ.

2023ರಲ್ಲಿ ಕ್ಯಾಥೊಲಿಕ್ ಚರ್ಚ್ ತೊರೆದವರು ಸುಮಾರು 4 ಲಕ್ಷಕ್ಕೆ ಇಳಿದರು. ಇದನ್ನು ಚೇತರಿಕೆಯೆಂದು ಓದುವ ಮುನ್ನ ಇನ್ನೊಂದು ಲೆಕ್ಕವನ್ನೂ ನೋಡಬೇಕು: ಅದೇ ವರ್ಷ ಆ ಚರ್ಚಿನಲ್ಲಿ ಸುಮಾರು 1.31 ಲಕ್ಷ ದೀಕ್ಷಾಸ್ನಾನಗಳು ನಡೆದರೆ, ಶವಸಂಸ್ಕಾರಗಳು 2.2 ಲಕ್ಷವನ್ನು ಮೀರಿದ್ದವು. ಸದಸ್ಯತ್ವ ಬಿಟ್ಟವರು ಸಾಮಾನ್ಯವಾಗಿ ತಮ್ಮ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುವುದಿಲ್ಲ, ಆ ಮಕ್ಕಳು ಮುಂದೆ ತೊರೆದವರ ಪಟ್ಟಿಯಲ್ಲಿ ಕಾಣಿಸುವುದೂ ಇಲ್ಲ.