ಗೆಲ್ಲೋದು ಯಾರು ಅಂತ ಮೊದಲೇ ತೀರ್ಮಾನ ಆಗಿದ್ದರೆ ಬೆಲ್ಟ್ ಯಾಕೆ?

ಪ್ರಶ್ನೆ: ಈಚೆಗೆ ಜಪಾನಿನ ರೆಸ್ಲಿಂಗ್ ಶೋ ನೋಡಲು ಶುರು ಮಾಡಿದ್ದೇನೆ. ಟೋಕಿಯೋ ಡೋಮ್‌ನ ಚಾಂಪಿಯನ್‌ಶಿಪ್ ಪಂದ್ಯ ಮುಗಿದಾಗ ಜನ ಕಣ್ಣು ಒರೆಸಿಕೊಳ್ಳುವುದನ್ನೂ ನೋಡಿದೆ. ಆದರೆ ಫಲಿತಾಂಶ ಮೊದಲೇ ಬರೆದಿಟ್ಟಿರುತ್ತಾರೆ ಅಲ್ವಾ? ಹಾಗಿದ್ದ ಮೇಲೆ ಆ ಬೆಲ್ಟಿಗೆ ಏನು ಬೆಲೆ?

ಉತ್ತರ: ಹೌದು, ಮೊದಲೇ ತೀರ್ಮಾನ ಆಗಿರುತ್ತೆ. ಚಿಕ್ಕಂದಿನಲ್ಲಿ ರೆಸ್ಲಿಂಗ್ ಟ್ರಂಪ್ ಕಾರ್ಡ್ ಆಡಿದವರಿಗೆಲ್ಲ ಒಂದಲ್ಲ ಒಂದು ದಿನ ಯಾರೋ ದೊಡ್ಡವರು “ಅದೆಲ್ಲ ಸುಳ್ಳು ಕಣೋ” ಅಂದು ಹೊಟ್ಟೆ ಉರಿಸಿರುತ್ತಾರೆ. ಗರಡಿ ಕುಸ್ತಿಯಲ್ಲಿ ಚಿತ್ ಆದವನು ಸೋತ, ಮುಗೀತು. ಇಲ್ಲಿ ಲೆಕ್ಕ ಬೇರೆ. ರಾತ್ರಿಯ ಕೊನೆಯ ಪಂದ್ಯವನ್ನು ಯಾರ ಹೆಗಲಿಗೆ ಹಾಕಬಹುದು, ಯಾರ ಮುಖ ನೋಡಿ ಜನ ಟಿಕೆಟ್ ತಗೋತಾರೆ ಅಂತ ಕಂಪನಿ ಯೋಚಿಸಿ, ಅವನ ಸೊಂಟಕ್ಕೆ ಬೆಲ್ಟ್ ಕಟ್ಟುತ್ತದೆ. ಕಂಪನಿ ಕಟ್ಟಿದ್ದನ್ನು ಜನ ಒಪ್ಪದೇ ಇರಬಹುದು. ಮಜಾ ಇರೋದೇ ಅಲ್ಲಿ.

ತೆತ್ಸುಯಾ ನೈತೋ ಕತೆ ಕೇಳಿ, ಗೊತ್ತಾಗುತ್ತೆ.

ಆಂಟೋನಿಯೋ ಇನೋಕಿ 1972ರಲ್ಲಿ ಕಟ್ಟಿದ ನ್ಯೂ ಜಪಾನ್ ಪ್ರೊ ರೆಸ್ಲಿಂಗ್ ಕಂಪನಿ 1992ರಿಂದ ಪ್ರತಿ ಜನವರಿ 4ಕ್ಕೆ ಟೋಕಿಯೋ ಡೋಮ್‌ನಲ್ಲಿ ಶೋ ಮಾಡುತ್ತದೆ. 2007ರಿಂದ ಅದರ ಹೆಸರು ರೆಸಲ್ ಕಿಂಗ್‌ಡಮ್. ಬೇಸಿಗೆಯಲ್ಲಿ ಜಿ-ಒನ್ ಕ್ಲೈಮ್ಯಾಕ್ಸ್ ಅನ್ನುವ ಟೂರ್ನಿ ನಡೆಯುತ್ತದೆ. ಆಗೆಲ್ಲ ಅದನ್ನು ಗೆದ್ದವನಿಗೆ ಜನವರಿಯಲ್ಲಿ ಚಾಂಪಿಯನ್ ಎದುರು ಆಡುವ ಅವಕಾಶ ಸಿಗುತ್ತಿತ್ತು. 2013ರಲ್ಲಿ ಅದನ್ನು ಗೆದ್ದವನು ನೈತೋ. ಕಂಪನಿಯ ಪ್ರಕಾರ ಮುಂದಿನ ಹೀರೋ ಅವನೇ. ಜನಕ್ಕೆ ಮಾತ್ರ ಅವನು ಹಿಡಿಸಲಿಲ್ಲ. ಚಾಂಪಿಯನ್ ಕಝುಚಿಕಾ ಒಕಾಡಾ ಜೊತೆ ಅವನ ಪಂದ್ಯ ನಿಗದಿಯಾದ ಮೇಲೆ, ಕೊನೆಯ ಪಂದ್ಯ ಯಾವುದಿರಬೇಕು ಅಂತ ಕಂಪನಿ ಅಭಿಮಾನಿಗಳಿಂದ ವೋಟ್ ಹಾಕಿಸಿತು. ಗೆದ್ದದ್ದು ಶಿನ್ಸುಕೆ ನಕಾಮುರಾ ಮತ್ತು ಹಿರೋಶಿ ತಾನಾಹಾಶಿ ನಡುವಿನ ಪಂದ್ಯ. ಅದು ಇಂಟರ್‌ಕಾಂಟಿನೆಂಟಲ್ ಬೆಲ್ಟಿನದು, ಅಂದರೆ ಎರಡನೇ ಸಾಲಿನ ಬೆಲ್ಟು. 2014ರ ಜನವರಿ 4ರಂದು ದೊಡ್ಡ ಬೆಲ್ಟಿನ ಪಂದ್ಯ ಅದಕ್ಕಿಂತ ಮೊದಲೇ ಮುಗಿದುಹೋಯಿತು. ನೈತೋ ಅದರಲ್ಲೂ ಸೋತ.

ಸೋಲು ಬರೆದಿಟ್ಟದ್ದು. ಅವಮಾನ ಮಾತ್ರ ಯಾರೂ ಬರೆದದ್ದಲ್ಲ, ಅಲ್ವಾ?

2015ರಲ್ಲಿ ಅವನು ಮೆಕ್ಸಿಕೋಗೆ ಹೋದ. ಅಲ್ಲಿ ಮಾತು ಕೇಳದ ಪುಂಡರ ಗುಂಪೊಂದನ್ನು ಸೇರಿ, ಬೇರೆಯೇ ಮನುಷ್ಯನಾಗಿ ವಾಪಸ್ ಬಂದ. ಅದೇ ಗುಂಪಿನ ಜಪಾನ್ ಶಾಖೆಯನ್ನೂ ತೆರೆದ. ಸೂಟು ಹಾಕಿಕೊಂಡು ರಿಂಗಿಗೆ ಬರುವುದು, ಬೇಕಂತಲೇ ನಿಧಾನವಾಗಿ ಅದನ್ನು ಬಿಚ್ಚುವುದು, ಎದುರಾಳಿಯನ್ನು ಕಾಯಿಸುವುದು. ಆಗ ಬೈದಿದ್ದ ಜನವೇ ಈಗ ಅವನ ಟೋಪಿ, ಟೀಶರ್ಟ್ ಹಾಕಿಕೊಂಡು ಬರತೊಡಗಿದರು. 2016ರಲ್ಲಿ ಅದೇ ಇಂಟರ್‌ಕಾಂಟಿನೆಂಟಲ್ ಬೆಲ್ಟು ಅವನ ಕೈಗೆ ಬಂತು. ಬಿಳಿ ಪಟ್ಟಿಯ ಚಂದದ ಬೆಲ್ಟು. ಅದನ್ನು ಮೇಲಕ್ಕೆ ಎಸೆದ, ಕಬ್ಬಿಣದ ಮೆಟ್ಟಿಲಿಗೆ ಅಪ್ಪಳಿಸಿದ. ಕೊನೆಗೆ ಅದು ಮುರಿದು ಜಜ್ಜಿಹೋಯಿತು. ಯಾಕೆ ಅಂತ ಯಾರೂ ವಿವರಿಸಬೇಕಾಗಿರಲಿಲ್ಲ. 2013ರ ಆ ವೋಟು ಎಲ್ಲರಿಗೂ ನೆನಪಿತ್ತು.

ಹಾಗಂತ ಬರೀ ಕತೆ ಇದ್ದರೆ ಸಾಲದು, ಮೈಯೂ ದುಡಿಯಬೇಕು. 2017ರ ಜನವರಿ 4ರಂದು ಒಕಾಡಾ ಮತ್ತು ಕೆನಡಾದ ಕೆನ್ನಿ ಒಮೆಗಾ ಆಡಿದ್ದು 46 ನಿಮಿಷ 45 ಸೆಕೆಂಡ್. ಒಮೆಗಾನ ದೊಡ್ಡ ಪಟ್ಟು ಒನ್ ವಿಂಗ್ಡ್ ಏಂಜೆಲ್. ಎದುರಾಳಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ತಲೆಯ ಕಡೆಯಿಂದ ಕೆಡವುವುದು. ಆ ರಾತ್ರಿ ಅವನಿಗೆ ಅದನ್ನು ಹಾಕಲು ಒಮ್ಮೆಯೂ ಆಗಲಿಲ್ಲ. ಜೂನ್‌ನಲ್ಲಿ ಹಾಕಿದ, ಒಕಾಡಾನ ಕಾಲು ಹಗ್ಗಕ್ಕೆ ತಾಗಿ ಉಳಿದುಕೊಂಡ. 60 ನಿಮಿಷ ಮುಗಿದು ಪಂದ್ಯ ಡ್ರಾ. 2018ರ ಜೂನ್‌ನಲ್ಲಿ ಒಸಾಕಾದಲ್ಲಿ ಅದೇ ಪಟ್ಟಿನಿಂದ ಗೆದ್ದ. ಅಷ್ಟು ಹೊತ್ತಿಗೆ ಒಕಾಡಾ 720 ದಿನ ಚಾಂಪಿಯನ್ ಆಗಿದ್ದ, ಬೆಲ್ಟನ್ನು 12 ಸಲ ಉಳಿಸಿಕೊಂಡಿದ್ದ. ಅಷ್ಟು ದಿನ ಉಳಿಸಿಕೊಂಡದ್ದರಿಂದಲೇ ಅದು ಕೈ ಬಿಟ್ಟಾಗ ಜನ ಅಷ್ಟು ಕಿರುಚಿದ್ದು. ಎರಡು ತಿಂಗಳಿಗೊಬ್ಬ ಚಾಂಪಿಯನ್ ಬದಲಾಗಿದ್ದರೆ ಯಾರು ಕಿರುಚುತ್ತಿದ್ದರು?

ಪೆಟ್ಟು ಸುಳ್ಳಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. 2017ರ ಏಪ್ರಿಲ್‌ನಲ್ಲಿ ಇದೇ ಬೆಲ್ಟಿಗಾಗಿ ಆಡುತ್ತಾ ಕತ್ಸುಯೊರಿ ಶಿಬಾತಾ ತನ್ನ ಹಣೆಯನ್ನು ಒಕಾಡಾನ ಹಣೆಗೆ ಗುದ್ದಿದ. ಕೇಳಿದರೆ ಎದೆ ಝಲ್ ಅನ್ನುವ ಸದ್ದು ಅದು. ಪಂದ್ಯ ಮುಗಿದು ಒಳಗೆ ಹೋದವನು ಕುಸಿದುಬಿದ್ದ. ಮಿದುಳಿನ ಬಳಿ ರಕ್ತ ಹೆಪ್ಪುಗಟ್ಟಿ ಆಪರೇಷನ್ ಆಯಿತು. ವರ್ಷಗಟ್ಟಲೆ ರಿಂಗಿನಿಂದ ದೂರ ಉಳಿದ. ಆ ಪಂದ್ಯವನ್ನು ನಾನು ಯಾರಿಗೂ ನೋಡಿ ಅನ್ನುವುದಿಲ್ಲ.

ನೈತೋಗೆ ವಾಪಸ್ ಬರೋಣ. 2018ರಲ್ಲಿ ಅವನಿಗೆ ಡೋಮ್‌ನ ಕೊನೆಯ ಪಂದ್ಯ ಸಿಕ್ಕಿತು, ಸೋತ. 2020ರ ಜನವರಿ 5ರಂದು ಒಕಾಡಾನನ್ನು ಸೋಲಿಸಿ ಎರಡೂ ಬೆಲ್ಟು ಗೆದ್ದ. ಗೆದ್ದಾಗ ಮೈಕ್ ಹಿಡಿದು ತನ್ನ ಗುಂಪಿನವರ ಹೆಸರನ್ನು ಒಂದೊಂದಾಗಿ ಕೂಗುವುದು ಅವನ ಪದ್ಧತಿಯಾಗಿತ್ತು. ಗುಂಪಿನ ಹೆಸರಿನ ಕೊನೆಯ ಪದಕ್ಕೆ ಇಡೀ ಸಭೆ ದನಿಗೂಡಿಸುತ್ತಿತ್ತು. ಅದಕ್ಕೆಂದು ಎಲ್ಲರೂ ಬಾಯಿ ತೆರೆದು ಕಾಯುತ್ತಿದ್ದಾಗ ಕೆಂಟಾ ಅನ್ನುವವನು ನುಗ್ಗಿ ಹೊಡೆದು ಬೀಳಿಸಿದ. ಬಿದ್ದವನ ಮೈಮೇಲೆ ಕೂತು, ಎರಡೂ ಬೆಲ್ಟು ಎತ್ತಿ ತೋರಿಸಿದ. ಟಿಕೆಟ್ ಕೊಂಡು ಬಂದ ಸಾವಿರಾರು ಜನ ಬಾಯಿಗೆ ಬಂದದ್ದನ್ನು ನುಂಗಿಕೊಂಡು ಮನೆಗೆ ಹೋದರು.

ಆ ಪದ ಪೂರ್ತಿಯಾಗಲು 2024ರ ಜನವರಿ 4 ಬೇಕಾಯಿತು. ಅವತ್ತು ಚಾಂಪಿಯನ್ ಸನಾಡಾ, ಇವನದೇ ಗುಂಪು ಬಿಟ್ಟು ಹೋದವನು. ನೈತೋ ಗೆದ್ದ. ಈ ಸಲವೂ ಎದುರು ಗುಂಪಿನವರು ಹೊಡೆಯಲು ನುಗ್ಗಿದರು. ಸೋತ ಸನಾಡಾನೇ ಬಂದು ಅವರನ್ನು ಓಡಿಸಿದ. ಆಮೇಲೆ ಮೈಕ್ ಬಂತು, ಹೆಸರುಗಳು ಬಂದವು, ಡೋಮ್ ಇಡೀ ಆ ಕೊನೆಯ ಪದ ಕೂಗಿತು. 2014ರ ಆ ಸೋಲಿಗೆ ಆಗ ಸರಿಯಾಗಿ ಹತ್ತು ವರ್ಷ. ನೀವು ಕಣ್ಣೀರು ನೋಡಿದ್ದು ಬಹುಶಃ ಇಲ್ಲೇ ಇರಬೇಕು.

ನೋಡುವುದಾದರೆ ಮೊದಲು 2014ರದ್ದನ್ನೇ ಹಾಕಿಕೊಳ್ಳಿ. ನೈತೋ ಅದರಲ್ಲಿ ಸ್ವಲ್ಪ ಬೋರ್ ಹೊಡೆಸುತ್ತಾನೆ. ಓಡಿಸದೆ ಪೂರ್ತಿ ನೋಡಿ.